ಒತ್ತಕ್ಷರಕ್ಕೂ ಜಾಗವಿರುವ ಸ್ಲೈಡು

ಪಿಪಿಟಿ ಮಾಡಿಕೊಡುವುದು ಬೇರೆ, ಪಿಪಿಟಿಗೆ ಟೆಂಪ್ಲೇಟು ಮಾಡಿಕೊಡುವುದು ಬೇರೆ. ಮೊದಲಿನದು ಭಾಷಣ ಮುಗಿದ ದಿನ ಮುಗಿಯುತ್ತದೆ. ಎರಡನೆಯದರ ನಿಜವಾದ ಕೆಲಸ ಶುರುವಾಗುವುದೇ ನಾವು ಫೈಲು ಕಳಿಸಿ ಕೈತೊಳೆದುಕೊಂಡ ಮೇಲೆ. ನಾನು ಬೆಂಗಳೂರಿನಲ್ಲಿ ಕೂತು ಮಾಡಿದ್ದನ್ನು ತಾಲ್ಲೂಕು ಕೇಂದ್ರದ ಕೃಷಿ ಅಧಿಕಾರಿಯೋ ಪ್ರೌಢಶಾಲೆಯ ಮೇಷ್ಟರೋ ನಾಳೆಯ ಸಭೆಗೆಂದು ಇವತ್ತು ರಾತ್ರಿ ತೆರೆಯುತ್ತಾರೆ. ಅವರಿಗೆ ವಿನ್ಯಾಸದ ಪಾಠ ಬೇಕಿಲ್ಲ, ಕೆಲಸ ಆಗಬೇಕು. ಕನ್ನಡದಲ್ಲಿ ಪಿಪಿಟಿ ಮಾಡುವವರಿಗಾಗಿ ಹಲವು ವರ್ಷ ಟೆಂಪ್ಲೇಟು ಮಾಡಿದ್ದರಿಂದ ನನಗೆ ಖಾತ್ರಿಯಾದ ಸಂಗತಿಗಳನ್ನು ಇಲ್ಲಿ ಹೇಳುತ್ತೇನೆ.

ಹಿನ್ನೆಲೆಗೆ ಒಂದು ಚಿತ್ರ, ಮೂಲೆಗೊಂದು ಲಾಂಛನ ಹಾಕಿದರೆ ಟೆಂಪ್ಲೇಟು ಆಗುವುದಿಲ್ಲ. ಅದರ ಜೀವ ಇರುವುದು ಸ್ಲೈಡ್ ಮಾಸ್ಟರಿನಲ್ಲಿ. ಅಲ್ಲಿ ಒಮ್ಮೆ ಶೀರ್ಷಿಕೆಯ ಗಾತ್ರ ಬದಲಿಸಿದರೆ ಎಲ್ಲ ಸ್ಲೈಡಿನಲ್ಲೂ ಬದಲಾಗುತ್ತದೆ. ಆದರೆ ಈ ಅನುಕೂಲ ಸಿಗುವುದು ಬರಹವು ಅದಕ್ಕೆಂದೇ ಲೇಔಟಿನಲ್ಲಿ ಗೊತ್ತುಮಾಡಿದ ಚೌಕದಲ್ಲಿ, ಅಂದರೆ ಪ್ಲೇಸ್‌ಹೋಲ್ಡರಿನಲ್ಲಿ ಇದ್ದರೆ ಮಾತ್ರ. ಬಳಸುವವರು ಅದನ್ನು ಅಳಿಸಿ ತಮ್ಮದೇ ಟೆಕ್ಸ್ಟ್ ಬಾಕ್ಸ್ ಎಳೆದುಕೊಂಡರೋ, ಆ ಬರಹ ಮಾಸ್ಟರಿನ ಮಾತು ಕೇಳುವುದಿಲ್ಲ, ಔಟ್‌ಲೈನಿನಲ್ಲೂ ಕಾಣುವುದಿಲ್ಲ. ಜನ ಹೀಗೆ ಮಾಡುವುದು ಬಹುಮಟ್ಟಿಗೆ ಪ್ಲೇಸ್‌ಹೋಲ್ಡರು ಚಿಕ್ಕದಾಗಿರುವುದರಿಂದ ಇಲ್ಲವೇ ಅದು ಯಾತಕ್ಕೆಂದು ತಿಳಿಯದೆ. ಆದ್ದರಿಂದ ಅದರೊಳಗಿನ ಇಂಗ್ಲಿಷ್ ಸೂಚನೆ ತೆಗೆದು, ‘ಇಲ್ಲಿ ಶೀರ್ಷಿಕೆ ಬರೆಯಿರಿ, ಎರಡು ಸಾಲು ಮೀರದಿರಲಿ’ ಎಂದು ಕನ್ನಡದಲ್ಲಿ ಹಾಕುತ್ತೇನೆ. ಲೇಔಟುಗಳಿಗೂ ಮುಖಪುಟ, ಅಂಶಗಳು, ಚಿತ್ರ–ವಿವರ, ಹೋಲಿಕೆ ಎಂದು ಕನ್ನಡದ ಹೆಸರು. ಪವರ್‌ಪಾಯಿಂಟಿನ ಮೂಲ ಥೀಮಿನಲ್ಲಿ 11 ಲೇಔಟುಗಳಿವೆ. ಅರ್ಧದಷ್ಟನ್ನು ಯಾರೂ ಮುಟ್ಟುವುದಿಲ್ಲ, ಅವನ್ನು ಅಳಿಸಿದರೆ ಹುಡುಕಾಟ ತಪ್ಪುತ್ತದೆ.

ಕನ್ನಡದ ನಿಜವಾದ ತೊಡಕು ಫಾಂಟಿನದು. ಥೀಮಿನಲ್ಲಿ ಶೀರ್ಷಿಕೆಗೊಂದು, ಒಡಲಿಗೊಂದು ಫಾಂಟು ಆರಿಸಿದರೆ ಸಾಮಾನ್ಯವಾಗಿ ಅದು ಇಂಗ್ಲಿಷ್ ಅಕ್ಷರಕ್ಕಷ್ಟೇ ಅನ್ವಯವಾಗುತ್ತದೆ. ಕನ್ನಡ ಟೈಪಿಸಿದೊಡನೆ ಬೇರೆ ಮುಖ ಕಾಣಿಸಿಕೊಳ್ಳುತ್ತದೆ. ಯಾಕೆಂದರೆ ಥೀಮಿನೊಳಗೆ ಒಂದೊಂದು ಲಿಪಿಗೂ ಒಂದೊಂದು ಫಾಂಟು ಗೊತ್ತುಮಾಡಿದ ಪಟ್ಟಿ ಇದೆ. ಆಫೀಸಿನ ಹಳೆಯ ಮೂಲ ಥೀಮಿನಲ್ಲಿ ಕನ್ನಡದ ಎದುರು ‘ತುಂಗಾ’ ಎಂದಿರುತ್ತದೆ. ಪವರ್‌ಪಾಯಿಂಟಿನ ಫೈಲು ಒಳಗಿನಿಂದ ಒಂದು ಜಿಪ್ ಕಟ್ಟು. ಅದನ್ನು ಬಿಚ್ಚಿ, ಥೀಮಿನ ಎಕ್ಸ್ಎಂಎಲ್ ಕಡತದಲ್ಲಿ ಆ ಒಂದು ಹೆಸರನ್ನು ಬದಲಿಸಿ ಮತ್ತೆ ಕಟ್ಟಿದರೆ, ಬಳಸುವವರು ಪ್ರತಿ ಸಾಲಿಗೂ ಫಾಂಟು ಹುಡುಕುವ ಕಾಟ ಇರುವುದಿಲ್ಲ. ನಾನು ಹೆಚ್ಚಾಗಿ ನೋಟೋ ಸ್ಯಾನ್ಸ್ ಕನ್ನಡ ಹಾಕುತ್ತೇನೆ. ಅದು ಮುಕ್ತ ಪರವಾನಗಿಯದು, ಫೈಲಿನ ಜೊತೆ ಧಾರಾಳವಾಗಿ ಕೊಡಬಹುದು. ಬೇರೆ ಫಾಂಟು ಹಾಕಿಸಲು ಅವಕಾಶವಿಲ್ಲದ ಕಚೇರಿಗಳಿಗೆ, ವಿಂಡೋಸ್ 8ರಿಂದ ಜೊತೆಗೇ ಬರುತ್ತಿರುವ ನಿರ್ಮಲಾ ಯುಐ ಸಾಕು.

ಆಮೇಲೆ ಸಾಲುಗಳ ನಡುವಿನ ಅಂತರ. ‘ಸಾರ್, ಸಾಲುಗಳು ಒಂದಕ್ಕೊಂದು ಅಂಟಿಕೊಂಡಿವೆ’ ಎಂಬ ಫೋನು ಬಂದರೆ ಕಾರಣ ಇಲ್ಲೇ ಇರುತ್ತದೆ. 2013ರಿಂದೀಚಿನ ಮೂಲ ಥೀಮಿನಲ್ಲಿ ಈ ಅಂತರ 90 ಪ್ರತಿಶತಕ್ಕೆ ಇಳಿದಿದೆ. ಇಂಗ್ಲಿಷಿಗೆ ಅದು ಸರಿ. ಕನ್ನಡದ ಅಕ್ಷರ ಮೇಲೆ ಗುಡಿಸು ಹೊತ್ತು, ಕೆಳಗೆ ಒತ್ತು ಇಳಿಬಿಟ್ಟು ನಿಲ್ಲುತ್ತದೆ. ‘ರಾಷ್ಟ್ರೀಯ’, ‘ವೈಶಿಷ್ಟ್ಯ’ದಂಥ ಪದಗಳಲ್ಲಿ ಒಂದು ಒತ್ತಿನ ಜೊತೆಗೆ ಇನ್ನೊಂದು ಒತ್ತು. ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ಗುಡಿಸಿಗೆ ತಗಲದಿರಬೇಕಾದರೆ 100ರಿಂದ 120 ಪ್ರತಿಶತ ಬೇಕು. ಅಂತರವನ್ನು ಇಂತಿಷ್ಟೇ ಪಾಯಿಂಟು ಎಂದು ಬಿಗಿಯಬಾರದು, ಅಕ್ಷರ ದೊಡ್ಡದು ಮಾಡಿದಾಗ ಅಂತರ ಅಲ್ಲೇ ನಿಂತುಬಿಡುತ್ತದೆ.

ಮುಖ್ಯ ಪದವನ್ನು ಎತ್ತಿ ತೋರಿಸುವ ರೀತಿಯೂ ಬೇರೆಯೇ. ನಮ್ಮ ಲಿಪಿಯಲ್ಲಿ ದೊಡ್ಡಕ್ಷರ–ಚಿಕ್ಕಕ್ಷರ ಎಂಬುದಿಲ್ಲ, ವಾಲಿಸಿದ ಕನ್ನಡ ಓದಲು ಹಿತವಲ್ಲ. ಉಳಿಯುವುದು ದಪ್ಪ ಮತ್ತು ಬಣ್ಣ. ದಪ್ಪ ಆವೃತ್ತಿಯೇ ಇಲ್ಲದ ಫಾಂಟಿಗೆ ಬೋಲ್ಡ್ ಒತ್ತಿದರೆ ತಂತ್ರಾಂಶ ಗೆರೆಯನ್ನು ಹೇಗೋ ಉಬ್ಬಿಸುತ್ತದೆ. ಆಗ ಅಕ್ಷರದ ಒಳಗಿನ ಸುತ್ತುಗಳು ತುಂಬಿ ಎಲ್ಲವೂ ಮಸಿಯಾಗುತ್ತದೆ. ಬಣ್ಣವನ್ನು ಥೀಮಿನ 12 ಬಣ್ಣಗಳ ಪಟ್ಟಿಯಲ್ಲೇ ಗೊತ್ತುಮಾಡಬೇಕು. ಹಾಗಾದರೆ ನಕ್ಷೆ, ಕೋಷ್ಟಕ ಎಲ್ಲಕ್ಕೂ ಅದೇ ಬಣ್ಣ ತಾನಾಗಿ ಬರುತ್ತದೆ. ಹಗಲಲ್ಲಿ ಕಿಟಕಿ ತೆರೆದ ಸಭಾಂಗಣದಲ್ಲಿ ಹಳೆಯ ಪ್ರೊಜೆಕ್ಟರು ತಿಳಿಬಣ್ಣಗಳನ್ನೆಲ್ಲ ನುಂಗಿಹಾಕುತ್ತದೆ. ಅಕ್ಷರಕ್ಕೂ ಹಿನ್ನೆಲೆಗೂ ಕನಿಷ್ಠ 4.5ಕ್ಕೆ 1ರ ವ್ಯತ್ಯಾಸ ಇರಲಿ ಎಂಬ ಅಂತರಜಾಲದ ಸುಗಮ್ಯತಾ ನಿಯಮ ಇಲ್ಲಿಯೂ ಒಳ್ಳೆಯ ಅಳತೆ.

ಇನ್ನೊಂದು ತಲೆನೋವು ನುಡಿ, ಬರಹ ತಂತ್ರಾಂಶಗಳ ಹಳೆಯ ಕಡತಗಳದು. ಯೂನಿಕೋಡಿಗೆ ಮುಂಚಿನ ಫಾಂಟಿನಲ್ಲಿ ಟೈಪಿಸಿದ್ದನ್ನು ಸ್ಲೈಡಿಗೆ ಅಂಟಿಸಿ ಫಾಂಟು ಬದಲಿಸಿದರೆ ಕನ್ನಡ ಹೋಗಿ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳ ಸಾಲು ಉಳಿಯುತ್ತದೆ. ಇದಕ್ಕೆ ಟೆಂಪ್ಲೇಟಿನಲ್ಲಿ ಮದ್ದಿಲ್ಲ, ಮೊದಲು ಪರಿವರ್ತಕದಲ್ಲಿ ಯೂನಿಕೋಡ್ ಮಾಡಿಕೊಳ್ಳಲೇಬೇಕು. ಹಾಗೆಂದು ಟೆಂಪ್ಲೇಟಿನ ಮೊದಲ ಸ್ಲೈಡಿನಲ್ಲೇ ಬರೆದಿಡುತ್ತೇನೆ. ಬೇರೆಡೆಯಿಂದ ತಂದ ಬರಹವನ್ನು ಅಂಟಿಸುವಾಗ ‘ಪಠ್ಯ ಮಾತ್ರ’ ಎಂಬ ಆಯ್ಕೆ ಬಳಸಿ ಎಂಬ ಸೂಚನೆಯೂ ಅಲ್ಲೇ ಇರುತ್ತದೆ.

ಕೊಡುವ ಮುನ್ನ ಉಳಿಯುವುದು ಒಂದಿಷ್ಟು ಪರಿಶೀಲನೆ. ಫೈಲನ್ನು ಪಿಒಟಿಎಕ್ಸ್ ರೂಪದಲ್ಲಿ ಉಳಿಸಿದರೆ, ಎರಡು ಸಲ ಕ್ಲಿಕ್ಕಿಸಿದಾಗ ಹೊಸ ಪ್ರತಿ ತೆರೆಯುತ್ತದೆ, ಮೂಲ ಕೆಡುವುದಿಲ್ಲ. ಫಾಂಟನ್ನು ಫೈಲಿನಲ್ಲೇ ಹುದುಗಿಸುವ ಆಯ್ಕೆಯನ್ನು ಆನ್ ಮಾಡಬೇಕು. 16:9ರ ಜೊತೆಗೆ ಹಳೆಯ ಪರದೆಗಳಿಗಾಗಿ 4:3ರದ್ದನ್ನೂ ಬೇರೆಯಾಗಿ ಮಾಡಿಡಬೇಕು. ಲಿಬ್ರೆ ಆಫೀಸ್ ಬಳಸುವ ಶಾಲೆಗಳಿದ್ದರೆ ಇಂಪ್ರೆಸ್‌ನಲ್ಲೂ ತೆರೆದು ನೋಡಬೇಕು.

ಕನ್ನಡಕ್ಕೆ ಟೆಂಪ್ಲೇಟು ಮಾಡಲು ಹೊರಟವರಲ್ಲಿ ನನ್ನದೊಂದು ಕೋರಿಕೆ: ಬಣ್ಣ ಆರಿಸುವ ಮೊದಲು, ಬಳಸುವವರ ಹತ್ತಿರ ಅವರ ಹಳೆಯ ಪಿಪಿಟಿಯೊಂದನ್ನು ಕೇಳಿ ಪಡೆಯಿರಿ. ಅದರಲ್ಲಿನ ಅತಿ ಉದ್ದದ ಶೀರ್ಷಿಕೆ, ಅತಿ ಹೆಚ್ಚು ಒತ್ತಕ್ಷರಗಳಿರುವ ಸಾಲು, ಅತಿ ದೊಡ್ಡ ಕೋಷ್ಟಕ ಇವಿಷ್ಟನ್ನು ನಿಮ್ಮ ಟೆಂಪ್ಲೇಟಿನಲ್ಲಿ ಕೂರಿಸಿ ನೋಡಿ. ಕೂತರೆ ಕೊಡಿ, ಕೂರದಿದ್ದರೆ ತಿದ್ದಿ.