ಮೊದಲು ತಗಡು, ಆಮೇಲೆ ಪ್ಲಾಸ್ಟಿಕ್

ಮಲೆನಾಡಿನಲ್ಲಿ ಸೆಕೆಂಡ್ ಹ್ಯಾಂಡ್ ಥಾರ್ ಹುಡುಕಲು ಹೊರಟವರಿಗೆ ಮಡ್‌ಗಾರ್ಡ್ ಕತ್ತರಿಸಿದ ಗಾಡಿ ಒಂದಾದರೂ ಎದುರಾಗುತ್ತದೆ. ಕಾಡುದಾರಿಗೆಂದು ದೊಡ್ಡ ಟೈರ್ ಹಾಕಿಸಿದ ಮೇಲೆ, ತಿರುವಿನಲ್ಲಿ ಅದು ಬಾಡಿಗೆ ತಾಗುತ್ತದೆ ಎಂದು ಚಕ್ರದ ಮೇಲಿನ ತಗಡಿನ ಅಂಚನ್ನು ಗ್ರೈಂಡರ್‌ನಲ್ಲಿ ಕೊಯ್ದಿರುತ್ತಾರೆ. ಅಲ್ಲಿರಬೇಕಾದ ಕಪ್ಪು ಪ್ಲಾಸ್ಟಿಕ್ ಪಟ್ಟಿಗಳು, ಅಂದರೆ ಫೆಂಡರ್ ಫ್ಲೇರ್‌ಗಳು, ಶೆಡ್ಡಿನ ಮೂಲೆಯಲ್ಲಿ ಬಿದ್ದಿರುತ್ತವೆ. ಸಕಲೇಶಪುರದ ಕಡೆ ನಾನು ಕೊಂಡ ಗಾಡಿಯೂ ಇಂಥದ್ದೇ. ಗೊತ್ತಿದ್ದೇ ಕೊಂಡೆ. ಆ ಫ್ಲೇರ್‌ಗಳನ್ನು ಮತ್ತೆ ಕೂರಿಸುವಾಗ ದುಡ್ಡು ಎಲ್ಲಿ ಹೋಗುತ್ತದೆ, ಎಲ್ಲಿ ಹೋಗಬೇಕು ಎಂಬುದು ಸ್ಪಷ್ಟವಾಯಿತು.

ಇಂಥ ಗಾಡಿ ನೋಡಲು ಹೋದಾಗ ಕಣ್ಣು ಮೊದಲು ಪ್ಲಾಸ್ಟಿಕ್ ಕಡೆಗೇ ಹೋಗುತ್ತದೆ. ಹೊಸ ಸೆಟ್‌ಗೆ ಎಷ್ಟು, ಹಳೆಯದು ಸರಿಹೋದೀತೇ ಎಂದು ಲೆಕ್ಕ ಹಾಕುತ್ತೇವೆ. ಆದರೆ ನಿಜವಾದ ಖರ್ಚು ಇರುವುದು ಕೊಯ್ದ ಅಂಚಿನಲ್ಲಿ. ಅಲ್ಲಿ ಬಣ್ಣವಿಲ್ಲ, ಕಾರ್ಖಾನೆಯಲ್ಲಿ ಬಳಿದ ತುಕ್ಕುನಿರೋಧಕ ಲೇಪವೂ ಇಲ್ಲ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಳೆ, ಕೆಸರು. ನನ್ನ ಗಾಡಿಯಲ್ಲಿ ಅಂಚಿನ ಪಕ್ಕದ ಬಣ್ಣ ಸಣ್ಣ ಗುಳ್ಳೆಗಳಾಗಿ ಎದ್ದಿತ್ತು. ಟಿಂಕರಿಂಗ್ ಮಾಡುವವರು ಸ್ಕ್ರೂಡ್ರೈವರ್ ತುದಿಯಿಂದ ಒಂದು ಗುಳ್ಳೆ ಒತ್ತಿದಾಗ ಕಂದು ಪುಡಿ ಉದುರಿತು. ಅವರು ಹೇಳಿದ್ದು ಇಷ್ಟೇ: "ಸ್ಕ್ರೂ ಹೊಡೆದು ಇವತ್ತೇ ಕೊಡಬಹುದು ಸಾರ್. ಎರಡು ಮಳೆಗಾಲ ಆದ್ಮೇಲೆ ಸ್ಕ್ರೂ ಇರುತ್ತೆ, ತಗಡು ಇರಲ್ಲ."

ಹಿಂದಿನ ಚಕ್ರದ ಕಡೆ ಇನ್ನೂ ಹೆಚ್ಚು ಗಮನ ಬೇಕು. ಅಲ್ಲಿ ಒಳ ತಗಡು, ಹೊರ ತಗಡು ಎಂಬ ಎರಡು ಪದರಗಳು ಅಂಚಿನಲ್ಲಿ ಸ್ಪಾಟ್ ವೆಲ್ಡಿಂಗ್‌ನಿಂದ ಸೇರಿರುತ್ತವೆ. ಆ ಸೇರಿಕೆಯನ್ನೇ ಕೊಯ್ದರೆ ಎರಡರ ನಡುವೆ ಬಾಯಿ ಬಿಡುತ್ತದೆ. ಕೆಸರು ನೀರು ಒಳಗೆ ಹೋಗಿ ಕಾಣದ ಕಡೆಯಿಂದ ತಿನ್ನಲು ಶುರುಮಾಡುತ್ತದೆ. ಅದನ್ನು ಬಡಿದು ಮುಚ್ಚಿ, ವೆಲ್ಡ್ ಮಾಡಿ, ಮೇಲೆ ಸೀಲರ್ ಹಚ್ಚಿಸಬೇಕು. ಮುಂದಿನ ಮಡ್‌ಗಾರ್ಡ್ ಹಾಳಾದರೆ ಬೋಲ್ಟ್ ಬಿಚ್ಚಿ ಬೇರೆಯದು ಹಾಕಬಹುದು. ಹಿಂಭಾಗ ಬಾಡಿಯದೇ ಅಂಗ. ಅದು ಕೊಳೆತರೆ ಕತ್ತರಿಸಿ ಹೊಸ ತಗಡು ಬೆಸೆಯುವ ದೊಡ್ಡ ಕೆಲಸ. ಹಾಗಾಗಿ ವ್ಯಾಪಾರ ಮುಗಿಸುವ ಮೊದಲೇ ಟಿಂಕರ್ ಒಬ್ಬರನ್ನು ಕರೆದೊಯ್ದು ತೋರಿಸಿ, ಅವರು ಹೇಳಿದ ಖರ್ಚನ್ನು ಬೆಲೆಯಲ್ಲಿ ಇಳಿಸಲು ಕೇಳಿ. ನಾನು ಹಾಗೆಯೇ ಕೇಳಿದೆ, ಇಳಿಸಿಕೊಟ್ಟರು.

ಅಂಚನ್ನು ಉಜ್ಜಿ, ತುಕ್ಕು ತೆಗೆದು, ಎಪಾಕ್ಸಿ ಪ್ರೈಮರ್ ಮತ್ತು ಬಣ್ಣ ಹೊಡೆದ ಮೇಲೆಯೇ ಪ್ಲಾಸ್ಟಿಕ್‌ನ ಸರದಿ. ಕಂಪನಿ ಕೊಟ್ಟಿದ್ದ ತೂತುಗಳು ಕೊಯ್ದ ತಗಡಿನ ಜೊತೆಗೇ ಹೋಗಿರುವುದರಿಂದ ಕ್ಲಿಪ್ ಸಿಕ್ಕಿಸಲು ಜಾಗವಿರುವುದಿಲ್ಲ. ಅಗ್ಗದ ದಾರಿ ಸೆಲ್ಫ್ ಟ್ಯಾಪಿಂಗ್ ಸ್ಕ್ರೂ. ತೆಳು ತಗಡಿನಲ್ಲಿ ಅದು ಬೇಗ ಸಡಿಲಾಗುತ್ತದೆ, ಕೊರೆದ ಪ್ರತಿ ತೂತೂ ತುಕ್ಕಿಗೆ ಹೊಸ ಬಾಗಿಲು. ಎರಡೂ ಬದಿ ಅಂಟುವ ಟೇಪ್ ಒಂದನ್ನೇ ನಂಬಿದರೆ ಕೆಸರಿನ ಭಾರಕ್ಕೆ, ಕೊಂಬೆಯ ಹೊಡೆತಕ್ಕೆ ಕಿತ್ತುಬರುತ್ತದೆ. ನಾನು ಆರಿಸಿದ್ದು ರಿವ್‌ನಟ್: ತಗಡಿನಲ್ಲೇ ಕೂರುವ, ಒಳಗೆ ಥ್ರೆಡ್ ಇರುವ ನಟ್ಟು. ಕೊರೆದ ತೂತಿನ ಅಂಚಿಗೂ ಪ್ರೈಮರ್ ಹಚ್ಚಿ ಅದನ್ನು ಕೂರಿಸಿ, ಅಗಲದ ವಾಷರ್ ಜೊತೆ ಬೋಲ್ಟ್ ಬಿಗಿಸಬೇಕು. ಕೂಲಿ ಸ್ವಲ್ಪ ಹೆಚ್ಚು. ಆದರೆ ಪ್ರತಿ ಮಳೆಗಾಲದ ನಂತರ ಫ್ಲೇರ್ ಬಿಚ್ಚಿ, ಹಿಂದೆ ಕೂತ ಮಣ್ಣು ತೊಳೆದು ಮತ್ತೆ ಹಾಕಬಹುದು. ಬಿಸಿಲಿಗೆ ಪ್ಲಾಸ್ಟಿಕ್ ಹಿಗ್ಗುತ್ತದೆ, ಆದ್ದರಿಂದ ಅದರಲ್ಲಿನ ತೂತು ಬೋಲ್ಟಿಗಿಂತ ತುಸು ದೊಡ್ಡದಿರಲಿ. ಬಾಡಿಗೂ ಪ್ಲಾಸ್ಟಿಕ್‌ಗೂ ನಡುವೆ ರಬ್ಬರ್ ಪಟ್ಟಿ ಇರಲಿ, ಕೆಳತುದಿಯಲ್ಲಿ ನೀರು ಇಳಿಯಲು ಸಂದು ಬಿಡಿ.

ಒಡೆದ ಫ್ಲೇರ್ ಎಸೆಯುವ ಮೊದಲು ಅದರ ಹಿಂಬದಿ ನೋಡಿ. ಯಾವ ಪ್ಲಾಸ್ಟಿಕ್ ಎಂದು ಸಾಮಾನ್ಯವಾಗಿ ಸಣ್ಣ ಅಕ್ಷರಗಳಲ್ಲಿ ಅಚ್ಚೊತ್ತಿರುತ್ತಾರೆ. ಎಬಿಎಸ್ ಆದರೆ ಅಂಟಿನಿಂದ ಬೆಸೆಯಬಹುದು. ಪಿಪಿ ಎಂದಿದ್ದರೆ ಸಾಧಾರಣ ಅಂಟು ಹಿಡಿಯುವುದಿಲ್ಲ. ಅದಕ್ಕೆ ಬಿಸಿಗಾಳಿಯಿಂದ ಪ್ಲಾಸ್ಟಿಕ್ ವೆಲ್ಡಿಂಗ್ ಮಾಡುವವರೇ ಬೇಕು. ಇಷ್ಟು ನೋಡಿಕೊಂಡರೆ ಹೊಸ ಸೆಟ್‌ನ ಖರ್ಚು ಎಷ್ಟೋ ಸಲ ಉಳಿಯುತ್ತದೆ.

ಇನ್ನು ಇನ್ಶೂರೆನ್ಸ್. ಹಿಂದಿನವರು ಬೇಕೆಂದೇ ಕೊಯ್ದದ್ದನ್ನು ಸರಿಪಡಿಸಲು ಕ್ಲೇಮ್ ಸಿಗುವುದಿಲ್ಲ. ಮುಂದೆ ಅಪಘಾತದಲ್ಲಿ ಫ್ಲೇರ್ ಒಡೆದರೂ ಕ್ಲೇಮ್ ಮಾಡುವ ಮೊದಲು ಕೂಡಿ ಕಳೆದು ನೋಡಿ. ಸಾಮಾನ್ಯ ಪಾಲಿಸಿಯಲ್ಲಿ ಪ್ಲಾಸ್ಟಿಕ್ ಭಾಗಗಳಿಗೆ ಶೇ 50ರಷ್ಟು ಸವಕಳಿ ಕಳೆಯುತ್ತಾರೆ. 1500 ಸಿಸಿಗಿಂತ ದೊಡ್ಡ ಎಂಜಿನ್ನಿನ ಗಾಡಿಗೆ ಮೊದಲ 2,000 ರೂಪಾಯಿ ನಮ್ಮದೇ. ಉದಾಹರಣೆಗೆ, ಪ್ಲಾಸ್ಟಿಕ್ 8,000, ಕೂಲಿ 4,000, ಒಟ್ಟು 12,000 ರೂಪಾಯಿ ಬಿಲ್ ಎಂದುಕೊಳ್ಳೋಣ. ಸವಕಳಿ 4,000, ಜೊತೆಗೆ ಆ 2,000 ಹೋಗಿ ಕೈಗೆ ಬರುವುದು 6,000. ಈಗ ನೋ ಕ್ಲೇಮ್ ಬೋನಸ್, ಅಂದರೆ ಕ್ಲೇಮ್ ಮಾಡದವರಿಗೆ ಪ್ರೀಮಿಯಂನಲ್ಲಿ ಸಿಗುವ ರಿಯಾಯಿತಿ, ಶೇ 35 ಇದ್ದವರಿಗೆ ಮುಂದಿನ ವರ್ಷ ಅದು ಶೇ 45 ಆಗಬೇಕಿತ್ತು. ಕ್ಲೇಮ್ ಮಾಡಿದರೆ ಸೊನ್ನೆ. ಗಾಡಿಯ ಸ್ವಂತ ಹಾನಿಯ ಪ್ರೀಮಿಯಂ 15,000 ಇದ್ದರೆ ಆ ಒಂದೇ ವರ್ಷದ ನಷ್ಟ 6,750. ಅದರ ಮುಂದಿನ ವರ್ಷ ಶೇ 50ರ ಬದಲು 20 ಸಿಗುತ್ತದೆ, ಮತ್ತೆ 4,500 ನಷ್ಟ. ಆರು ಸಾವಿರ ಪಡೆಯಲು ಹನ್ನೊಂದು ಸಾವಿರಕ್ಕೂ ಹೆಚ್ಚು ಕಳೆದುಕೊಂಡ ಹಾಗಾಯಿತು. ಜೀರೋ ಡೆಪ್ರಿಸಿಯೇಷನ್ ಎಂಬ ಹೆಚ್ಚುವರಿ ಕವರ್ ಇದ್ದರೆ ಸವಕಳಿ ಕಳೆಯುವುದಿಲ್ಲ, ಆದರೆ ಬೋನಸ್ ಹೋಗುವುದು ಅದರಿಂದ ತಪ್ಪುವುದಿಲ್ಲ.

ಕಾನೂನನ್ನೂ ಮರೆಯುವಂತಿಲ್ಲ. ತಯಾರಕರ ಮೂಲ ವಿವರಗಳಿಗೆ ವಿರುದ್ಧವಾಗಿ ವಾಹನ ಮಾರ್ಪಡಿಸುವಂತಿಲ್ಲ ಎಂದು ಸುಪ್ರೀಂ ಕೋರ್ಟ್ 2019ರ ಜನವರಿಯಲ್ಲಿ ಹೇಳಿದೆ. ಅದೇ ವರ್ಷ ತಿದ್ದುಪಡಿಯಾದ ಮೋಟಾರು ವಾಹನ ಕಾಯ್ದೆಯ 182ಎ ಸೆಕ್ಷನ್ ಪ್ರಕಾರ ಅನುಮತಿ ಇಲ್ಲದ ಪ್ರತಿ ಮಾರ್ಪಾಡಿಗೂ ಮಾಲೀಕರಿಗೆ 5,000 ರೂಪಾಯಿ ದಂಡ, ಅಥವಾ ಆರು ತಿಂಗಳವರೆಗೆ ಜೈಲು, ಇಲ್ಲವೇ ಎರಡೂ. ಮಾಡಿದ್ದು ಹಿಂದಿನವರೇ ಆದರೂ ರಸ್ತೆಯಲ್ಲಿ ಉತ್ತರ ಹೇಳಬೇಕಾದವರು ಈಗಿನ ಮಾಲೀಕರು. ನಾನು ಫ್ಲೇರ್ ಜೊತೆಗೆ ಕಂಪನಿ ಅಳತೆಯ ಟೈರನ್ನೂ ಹಾಕಿಸಿದೆ. ಗಾಡಿಯ ಸ್ಥಿತಿಯನ್ನು ವಿಮಾ ಕಂಪನಿಗೆ ಲಿಖಿತವಾಗಿ ತಿಳಿಸಿದೆ. ಮುಚ್ಚಿಟ್ಟ ಮಾರ್ಪಾಡು ದೊಡ್ಡ ಅಪಘಾತದ ದಿನ ಕ್ಲೇಮ್ ತಿರಸ್ಕರಿಸಲು ಕಾರಣವಾಗಬಹುದು.

ಕೈಯಲ್ಲಿರುವ ಹಣ ಕಡಿಮೆಯಿದ್ದರೆ ಅನುಕ್ರಮ ಹೀಗಿರಲಿ: ಮೊದಲು ತಗಡಿನ ರಕ್ಷಣೆ, ನಂತರ ಸರಿಯಾದ ಟೈರ್, ಕೊನೆಗೆ ಫ್ಲೇರ್. ಪ್ಲಾಸ್ಟಿಕ್ ಮುಂದಿನ ತಿಂಗಳೂ ಅಂಗಡಿಯಲ್ಲಿ ಸಿಗುತ್ತದೆ. ಮಳೆಗಾಲಕ್ಕೆ ಮೊದಲು ಅಂಚಿಗೆ ಬಣ್ಣ ಹೊಡೆಸುವ ಕೆಲಸವನ್ನು ಮಾತ್ರ ಮುಂದೂಡಬೇಡಿ.