ಮನೆಯ ಕಂಪ್ಯೂಟರಿನಲ್ಲಿ ಡಿವಿಡಿ ನೋಡಲು ಹನ್ನೊಂದು ಸೂತ್ರಗಳು

ಮದುವೆಯ ಆಲ್ಬಮ್ಮಿನ ಜೊತೆ ಸ್ಟುಡಿಯೋದವರು ಕೊಟ್ಟ ಡಿವಿಡಿ, ಮಗುವಿನ ನಾಮಕರಣದ್ದು, ಊರಿನ ಬಯಲಾಟದ್ದು, ಅಪ್ಪ ಆಸೆಪಟ್ಟು ಕೊಂಡಿಟ್ಟ ಹಳೆಯ ಸಿನಿಮಾಗಳದ್ದು. ನಮ್ಮ ಎಷ್ಟೋ ಮನೆಗಳ ಕಪಾಟಿನಲ್ಲಿ ಇವೆಲ್ಲ ಇನ್ನೂ ಇವೆ. ಟಿವಿ ಕೆಳಗಿದ್ದ ಪ್ಲೇಯರ್ ಮಾತ್ರ ಕೆಟ್ಟು ಅಟ್ಟ ಸೇರಿದೆ. ಉಳಿದಿರುವುದು ಕಂಪ್ಯೂಟರ್. ಅದಕ್ಕೆ ಡಿಸ್ಕ್ ಹಾಕಿದರೆ ಒಂದೋ ಏನೂ ಆಗುವುದಿಲ್ಲ, ಇಲ್ಲವೇ ಹಣ ಕೊಟ್ಟು ಆ್ಯಪ್ ಕೊಳ್ಳಿ ಎಂಬ ಸೂಚನೆ ಬರುತ್ತದೆ. ಅವಸರದಲ್ಲಿ ಹಣ ಕಟ್ಟುವವರಿದ್ದಾರೆ, ಡಿಸ್ಕೇ ಹಾಳಾಯಿತೆಂದು ಎಸೆಯುವವರೂ ಇದ್ದಾರೆ. ಎರಡೂ ಬೇಡ. ಕೆಳಗಿನ ಸೂತ್ರಗಳನ್ನು ಇದೇ ಕ್ರಮದಲ್ಲಿ ಪಾಲಿಸಿ. ಹೆಚ್ಚಿನವರಿಗೆ ಸಾಫ್ಟ್‌ವೇರಿಗೆಂದು ಒಂದು ರೂಪಾಯಿಯೂ ಖರ್ಚಾಗುವುದಿಲ್ಲ.

1. ಸಾಫ್ಟ್‌ವೇರ್ ಹುಡುಕುವ ಮೊದಲು ಡಿಸ್ಕ್ ನೋಡಿ.

ಹೊರಗಿನಿಂದ ನೋಡಿದರೆ ಬಹುತೇಕ ಎಲ್ಲವೂ 12 ಸೆಂಟಿಮೀಟರಿನ ಒಂದೇ ಬಗೆಯ ತಟ್ಟೆ. ಒಳಗಿರುವುದು ಬೇರೆ ಬೇರೆ. ಡಿಸ್ಕ್ ಹಾಕಿ, ಫೈಲ್ ಎಕ್ಸ್‌ಪ್ಲೋರರಿನಲ್ಲಿ ತೆರೆಯಿರಿ. ‘ವಿಡಿಯೋ ಟಿಎಸ್’ ಎಂಬ ಫೋಲ್ಡರ್ ಇದ್ದು, ಅದರೊಳಗೆ ವಿಒಬಿ, ಐಎಫ್‌ಒ, ಬಿಯುಪಿ ಎಂದು ಕೊನೆಯಾಗುವ ಫೈಲುಗಳಿದ್ದರೆ ಅದು ನಿಜವಾದ ಡಿವಿಡಿ. ‘ಎಂಪೆಗ್ ಎವಿ’ ಎಂಬ ಫೋಲ್ಡರಿನಲ್ಲಿ ಡಿಎಟಿ ಫೈಲುಗಳಿದ್ದರೆ ಅದು ಹಳೆಯ ವಿಸಿಡಿ. ನೇರವಾಗಿ ಎಂಪಿ4 ಅಥವಾ ಎವಿಐ ಫೈಲುಗಳೇ ಕಂಡರೆ ಅದು ಬರೀ ಡೇಟಾ ಡಿಸ್ಕ್. ಅದಕ್ಕೆ ಡಿವಿಡಿ ಪ್ಲೇಯರಿನ ಅಗತ್ಯವೇ ಇಲ್ಲ, ಯಾವ ವಿಡಿಯೋ ಪ್ಲೇಯರ್ ಆದರೂ ಸಾಕು.

ವಿಸಿಡಿಯ ಚಿತ್ರ 352×288 ಚುಕ್ಕಿಗಳದು, ಡಿವಿಡಿಯದು 720×576. ಅಂದರೆ ವಿಸಿಡಿಯಲ್ಲಿರುವ ವಿವರ ಸುಮಾರು ಕಾಲು ಭಾಗ. ದೊಡ್ಡ ಪರದೆಯಲ್ಲಿ ಅದು ಮಂಕಾಗಿ ಕಂಡರೆ ಸಾಫ್ಟ್‌ವೇರ್ ಬದಲಿಸಿ ಪ್ರಯೋಜನವಿಲ್ಲ.

2. ಡ್ರೈವ್ ಇಲ್ಲದಿದ್ದರೆ ಹೊರಗಿನದು ಕೊಳ್ಳಿ.

ಈಗಿನ ಲ್ಯಾಪ್‌ಟಾಪ್‌ಗಳಲ್ಲಿ ಡಿಸ್ಕ್ ಡ್ರೈವ್ ಇರುವುದಿಲ್ಲ. ಯುಎಸ್‌ಬಿಗೆ ಸಿಕ್ಕಿಸುವ ಡಿವಿಡಿ ಡ್ರೈವ್ ಬೆಂಗಳೂರಿನ ಎಸ್.ಪಿ. ರಸ್ತೆಯಿಂದ ಹಿಡಿದು ಆನ್‌ಲೈನ್ ಅಂಗಡಿಗಳವರೆಗೆ ಎಲ್ಲೆಡೆ ಸಿಗುತ್ತದೆ. ಕೆಲವಕ್ಕೆ ಎರಡು ಯುಎಸ್‌ಬಿ ಪಿನ್ ಇರುತ್ತವೆ, ಒಂದು ಡೇಟಾಕ್ಕೆ, ಇನ್ನೊಂದು ಹೆಚ್ಚುವರಿ ವಿದ್ಯುತ್ತಿಗೆ. ಡಿಸ್ಕ್ ತಿರುಗಲು ಶುರುವಾಗಿ ಅರ್ಧದಲ್ಲೇ ನಿಂತರೆ ಅನೇಕ ಸಲ ವಿದ್ಯುತ್ತು ಸಾಲದೇ ಹೋಗಿರುತ್ತದೆ. ನಡುವೆ ಯುಎಸ್‌ಬಿ ಹಬ್ ಇದ್ದರೆ ಅದನ್ನು ತೆಗೆದು ಕಂಪ್ಯೂಟರಿಗೇ ನೇರವಾಗಿ ಸಿಕ್ಕಿಸಿ ನೋಡಿ. ಹ್ಯಾಂಡಿಕ್ಯಾಮಿನ 8 ಸೆಂಟಿಮೀಟರಿನ ಪುಟ್ಟ ಡಿಸ್ಕ್‌ಗಳಿದ್ದರೆ ಟ್ರೇ ಹೊರಬರುವ ಡ್ರೈವನ್ನೇ ಆರಿಸಿ. ಸೀಳಿನೊಳಗೆ ತೂರಿಸುವ ಡ್ರೈವಿಗೆ ಅವನ್ನು ಹಾಕಿದರೆ ಒಳಗೇ ಸಿಕ್ಕಿಕೊಳ್ಳುತ್ತವೆ.

3. ವಿಂಡೋಸ್‌ನಲ್ಲಿ ಮೊದಲಿದ್ದ ಸೌಲಭ್ಯ ಈಗ ಇಲ್ಲ ಎಂಬುದು ನೆನಪಿರಲಿ.

ವಿಂಡೋಸ್ 7ರ ಹೋಮ್ ಪ್ರೀಮಿಯಂ ಮತ್ತು ಅದಕ್ಕಿಂತ ಮೇಲಿನ ಆವೃತ್ತಿಗಳಲ್ಲಿ ಡಿಸ್ಕ್ ಹಾಕಿದರೆ ಸಾಕಿತ್ತು, ಸಿನಿಮಾ ಶುರುವಾಗುತ್ತಿತ್ತು. 2012ರಲ್ಲಿ ಬಂದ ವಿಂಡೋಸ್ 8ರಿಂದ ಮೈಕ್ರೋಸಾಫ್ಟ್ ಇದನ್ನು ಕೈಬಿಟ್ಟಿತು. ಡಿವಿಡಿಯ ಚಿತ್ರವಿರುವುದು ಎಂಪೆಗ್-2 ರೂಪದಲ್ಲಿ, ಧ್ವನಿ ಬಹುಮಟ್ಟಿಗೆ ಡಾಲ್ಬಿ ರೂಪದಲ್ಲಿ. ಇವನ್ನು ಬಿಡಿಸಿ ತೋರಿಸುವ ಡಿಕೋಡರಿಗೆ ಪ್ರತಿ ಕಂಪ್ಯೂಟರಿನ ಲೆಕ್ಕದಲ್ಲಿ ಪರವಾನಗಿ ಶುಲ್ಕ ಕಟ್ಟಬೇಕಿತ್ತು. ಡ್ರೈವ್ ಇರುವ ಯಂತ್ರಗಳೇ ಕಡಿಮೆಯಾಗುತ್ತಿದ್ದಾಗ ಆ ಹೊರೆ ಬೇಡವೆಂದು ಕಂಪನಿ ತೀರ್ಮಾನಿಸಿತು. ವಿಂಡೋಸ್ 10ರ ಹೊತ್ತಿಗೆ ಅದೇ ಕೆಲಸಕ್ಕೆ ‘ವಿಂಡೋಸ್ ಡಿವಿಡಿ ಪ್ಲೇಯರ್’ ಎಂಬ ಆ್ಯಪನ್ನು ಸ್ಟೋರಿನಲ್ಲಿ ಮಾರಾಟಕ್ಕಿಟ್ಟಿತು. ಹಾಗಾಗಿ ಹೊಸ ಕಂಪ್ಯೂಟರಿನಲ್ಲಿ ಡಿವಿಡಿ ಓಡದಿದ್ದರೆ ಡಿಸ್ಕ್ ಕೆಟ್ಟಿದೆ ಎಂದು ಬೇಸರಪಡಬೇಡಿ. ಓಡಿಸುವ ಸಾಫ್ಟ್‌ವೇರ್ ಅದರಲ್ಲಿಲ್ಲ, ಅಷ್ಟೇ.

4. ಮೊದಲ ಆಯ್ಕೆ ವಿಎಲ್‌ಸಿ.

ಪ್ಯಾರಿಸ್ಸಿನ ಎಕೋಲ್ ಸೆಂಟ್ರಾಲ್ ಎಂಬ ಎಂಜಿನಿಯರಿಂಗ್ ಕಾಲೇಜಿನ ವಿದ್ಯಾರ್ಥಿಗಳು 1996ರಲ್ಲಿ ಕ್ಯಾಂಪಸ್ಸಿನ ನೆಟ್‌ವರ್ಕಿನಲ್ಲಿ ವಿಡಿಯೋ ಹರಿಸಲು ಶುರುಮಾಡಿದ ಯೋಜನೆಯಿಂದ ಹುಟ್ಟಿದ್ದು ಇದು. 2001ರಲ್ಲಿ ಮುಕ್ತ ಪರವಾನಗಿಯಡಿ ಎಲ್ಲರಿಗೂ ತೆರೆದುಕೊಂಡಿತು. ಇಂದಿಗೂ ಉಚಿತ, ಜಾಹೀರಾತೂ ಇಲ್ಲ. ವಿಂಡೋಸ್, ಮ್ಯಾಕ್, ಲಿನಕ್ಸ್ ಮೂರರಲ್ಲೂ ಓಡುತ್ತದೆ. ರಸ್ತೆ ಕಾಮಗಾರಿಯ ಕಡೆ ಇಡುವ ಕಿತ್ತಳೆ ಬಣ್ಣದ ಕೋನ್ ಇದರ ಗುರುತು.

ಇದನ್ನು ಮೊದಲ ಆಯ್ಕೆ ಎನ್ನಲು ನನಗಿರುವ ಕಾರಣ ಎರಡು. ಡಿಕೋಡರುಗಳೆಲ್ಲ ಒಳಗೇ ಇರುವುದರಿಂದ ಬೇರೆ ‘ಕೋಡೆಕ್ ಪ್ಯಾಕ್’ ಹಾಕುವ ಗೋಜಿಲ್ಲ. ಜೊತೆಗೆ, ಅಂಗಡಿಯಲ್ಲಿ ಕೊಂಡ ಸಿನಿಮಾ ಡಿಸ್ಕ್‌ಗಳಿಗೆ ಸಿಎಸ್ಎಸ್ ಎಂಬ ಬೀಗ ಇರುವುದುಂಟು. ಅಂಥವನ್ನು ಓದಬಲ್ಲ ‘ಲಿಬ್‌ಡಿವಿಡಿಸಿಎಸ್ಎಸ್’ ಎಂಬ ಭಾಗ ಇದರ ವಿಂಡೋಸ್ ಆವೃತ್ತಿಯ ಜೊತೆಗೇ ಬರುತ್ತದೆ.

ಬಳಸುವುದು ಸುಲಭ. ಮೀಡಿಯಾ ಮೆನುವಿನಲ್ಲಿ ‘ಓಪನ್ ಡಿಸ್ಕ್’ ಆರಿಸಿ, ಅಥವಾ ಕಂಟ್ರೋಲ್ ಮತ್ತು ಡಿ ಕೀಗಳನ್ನು ಒಟ್ಟಿಗೆ ಒತ್ತಿ. ಡಿವಿಡಿ ಎಂದು ಗುರುತು ಮಾಡಿ, ಡ್ರೈವ್ ಆರಿಸಿ, ಪ್ಲೇ ಒತ್ತಿ. ಸ್ಟುಡಿಯೋದವರು ಹೂವು, ಹೃದಯ, ಹಾಡು ಎಲ್ಲ ಸೇರಿಸಿ ಮಾಡಿದ ಮೆನು ಸಿಕ್ಕಿಕೊಂಡು ಮುಂದೆ ಹೋಗದಿದ್ದರೆ ಅದೇ ಕಿಟಕಿಯಲ್ಲಿರುವ ‘ನೋ ಡಿಸ್ಕ್ ಮೆನುಸ್’ ಚೌಕಕ್ಕೆ ಟಿಕ್ ಹಾಕಿ. ನೇರವಾಗಿ ಮುಹೂರ್ತದ ದೃಶ್ಯಕ್ಕೆ ಹೋಗಬಹುದು.

5. ಇಳಿಸಿಕೊಳ್ಳುವುದು ಮೂಲ ತಾಣದಿಂದ ಮಾತ್ರ.

ಈ ಸೂತ್ರ ತಪ್ಪಿದರೆ ಉಳಿದ ಹತ್ತೂ ವ್ಯರ್ಥ. ಉಚಿತ ಪ್ಲೇಯರುಗಳ ಹೆಸರಿನಲ್ಲಿ ವೈರಸ್ ಹಂಚುವ ನಕಲಿ ತಾಣಗಳಿವೆ. ವಿಎಲ್‌ಸಿಯ ಮೂಲ ತಾಣ ವಿಡಿಯೋಲ್ಯಾನ್ ಡಾಟ್ ಆರ್ಗ್. ಭಾರತದ ಬಳಕೆದಾರರಿಗೆ ಇದರಲ್ಲಿ ಒಂದು ವಿಶೇಷ ಎಚ್ಚರಿಕೆ ಬೇಕು. 2022ರ ಫೆಬ್ರುವರಿಯಿಂದ ಕೆಲವು ತಿಂಗಳು ಈ ತಾಣ ನಮ್ಮ ದೇಶದಲ್ಲಿ ತೆರೆಯುತ್ತಿರಲಿಲ್ಲ. ವಿಡಿಯೋಲ್ಯಾನ್ ಸಂಸ್ಥೆ ಇಂಟರ್‌ನೆಟ್ ಫ್ರೀಡಂ ಫೌಂಡೇಶನ್ನಿನ ನೆರವಿನಿಂದ ಸರ್ಕಾರಕ್ಕೆ ಕಾನೂನು ನೋಟಿಸ್ ಕಳಿಸಿತು. ಅದೇ ವರ್ಷ ನವೆಂಬರಿನಲ್ಲಿ ನಿರ್ಬಂಧ ತೆರವಾಯಿತು. ಆ ಅವಧಿಯಲ್ಲಿ ಬೇರೆಲ್ಲಿಂದಲೋ ಇಳಿಸಿಕೊಂಡ ಪ್ರತಿ ನಿಮ್ಮ ಕಂಪ್ಯೂಟರಿನಲ್ಲಿದ್ದರೆ ಇಂದೇ ಅನ್‌ಇನ್‌ಸ್ಟಾಲ್ ಮಾಡಿ, ಮೂಲ ತಾಣದಿಂದ ಹೊಸದನ್ನು ಹಾಕಿಕೊಳ್ಳಿ.

ಸಿನಿಮಾ ತೆರೆದಾಗ ‘ಈ ಕೋಡೆಕ್ ಡೌನ್‌ಲೋಡ್ ಮಾಡಿ’ ಎಂದು ಯಾವುದಾದರೂ ಲಿಂಕ್ ಬಂದರೆ ಒತ್ತಲೇಬೇಡಿ. ಅದು ಬಲೆ.

6. ವಲಯ ಸಂಖ್ಯೆಯನ್ನು ಸುಮ್ಮಸುಮ್ಮನೆ ಬದಲಿಸಬೇಡಿ.

ಡಿವಿಡಿ ಲೋಕ ಭೂಮಿಯನ್ನು ವಲಯಗಳಾಗಿ ಹಂಚಿಕೊಂಡಿದೆ. ಅಮೆರಿಕ, ಕೆನಡಾಗಳು 1, ಯೂರೋಪ್ ಮತ್ತು ಜಪಾನ್ 2, ಆಸ್ಟ್ರೇಲಿಯಾ 4, ಭಾರತ 5. ಮದುವೆ, ಮುಂಜಿಯ ಡಿಸ್ಕ್‌ಗಳಿಗೆ ಇದರ ತಾಪತ್ರಯವಿಲ್ಲ. ಡಬ್ಬಿಯ ಹಿಂದೆ ‘ಆಲ್ ರೀಜನ್ಸ್’ ಎಂದು ಅಚ್ಚಾದ ಸಿನಿಮಾಗಳಿಗೂ ಇಲ್ಲ. ತೊಂದರೆ ಬರುವುದು ಅಮೆರಿಕದಲ್ಲಿರುವ ಮಗಳ ಮನೆಯಿಂದ ತಂದ ಮಕ್ಕಳ ಸಿನಿಮಾ ಡಿಸ್ಕ್‌ಗೆ, ಅಥವಾ ಇಲ್ಲಿಂದ ಅಲ್ಲಿಗೆ ಒಯ್ದದ್ದಕ್ಕೆ.

ಡ್ರೈವಿನ ವಲಯವನ್ನು ಒಟ್ಟು 5 ಸಲ ಮಾತ್ರ ಬದಲಿಸಬಹುದು. ಐದನೆಯದಕ್ಕೆ ಅದು ಕಾಯಂ ಆಗಿ ನಿಂತುಬಿಡುತ್ತದೆ, ವಿಂಡೋಸ್ ಮತ್ತೆ ಹಾಕಿದರೂ ಬದಲಾಗದು. ಡಿವೈಸ್ ಮ್ಯಾನೇಜರಿನಲ್ಲಿ ಡಿವಿಡಿ ಡ್ರೈವಿನ ಪ್ರಾಪರ್ಟೀಸ್ ತೆರೆದರೆ ‘ಡಿವಿಡಿ ರೀಜನ್’ ಎಂಬ ಟ್ಯಾಬಿನಲ್ಲಿ ಇನ್ನೆಷ್ಟು ಸಲ ಉಳಿದಿದೆ ಎಂದು ಕಾಣುತ್ತದೆ. ವಿಎಲ್‌ಸಿ ತಾನಾಗಿ ವಲಯ ನೋಡುವುದಿಲ್ಲ, ಆದರೆ ಕೆಲವು ಡ್ರೈವ್‌ಗಳೇ ಬೇರೆ ವಲಯದ ಡಿಸ್ಕ್ ಓದಲು ಒಪ್ಪುವುದಿಲ್ಲ. ಎರಡೂ ಕಡೆಯ ಸಿನಿಮಾಗಳು ಮನೆಯಲ್ಲಿದ್ದರೆ ಎರಡು ಅಗ್ಗದ ಯುಎಸ್‌ಬಿ ಡ್ರೈವ್ ಇಟ್ಟುಕೊಂಡು, ಒಂದನ್ನು 1ಕ್ಕೂ ಇನ್ನೊಂದನ್ನು 5ಕ್ಕೂ ಹೊಂದಿಸಿಬಿಡಿ. ವಿದೇಶದಲ್ಲಿರುವ ಕನ್ನಡಿಗರಿಗೆ ಇನ್ನೊಂದು ಸಮಾಧಾನದ ಮಾತು: ಪಾಲ್, ಎನ್‌ಟಿಎಸ್‌ಸಿ ಎಂಬ ಟಿವಿ ಪದ್ಧತಿಗಳ ವ್ಯತ್ಯಾಸ ಕಂಪ್ಯೂಟರಿಗೆ ಲೆಕ್ಕಕ್ಕೇ ಇಲ್ಲ. ಅಲ್ಲಿನ ಟಿವಿ ಪ್ಲೇಯರ್ ತೋರಿಸದ ಪಾಲ್ ಡಿಸ್ಕನ್ನು ಅಲ್ಲಿನ ಲ್ಯಾಪ್‌ಟಾಪ್ ತೋರಿಸುತ್ತದೆ.

7. ಚಿತ್ರದಲ್ಲಿ ಗೆರೆ ಕಂಡರೆ ಡಿಇಂಟರ್‌ಲೇಸ್ ಮಾಡಿ.

ಯಕ್ಷಗಾನದ ಡಿವಿಡಿ ಹಾಕಿ ನೋಡಿ. ಭಾಗವತರು ಕೂತು ಹಾಡುವಾಗ ಚಿತ್ರ ಸ್ವಚ್ಛವಾಗಿರುತ್ತದೆ. ವೇಷಧಾರಿ ಧೀಂಗಿಣ ಹಾಕತೊಡಗಿದ ಕೂಡಲೇ ಕಿರೀಟದ ಅಂಚು, ತೋಳು, ಸೆರಗು ಎಲ್ಲ ಬಾಚಣಿಗೆಯ ಹಲ್ಲಿನಂತೆ ಅಡ್ಡಗೆರೆಗಳಾಗಿ ಒಡೆಯುತ್ತವೆ. ಅಂದಿನ ಕ್ಯಾಮೆರಾಗಳು ಒಂದು ಫ್ರೇಮನ್ನು ಎರಡು ಕಂತಿನಲ್ಲಿ ಹಿಡಿಯುತ್ತಿದ್ದವು. ಮೊದಲು ಬೆಸ ಸಾಲುಗಳು, ಸೆಕೆಂಡಿನ 50ನೇ ಒಂದು ಭಾಗದ ನಂತರ ಸರಿ ಸಾಲುಗಳು. ಹಳೆಯ ಡಬ್ಬಿ ಟಿವಿ ಅವನ್ನು ಹಾಗೆಯೇ ಒಂದಾದ ಮೇಲೊಂದು ತೋರಿಸುತ್ತಿತ್ತು. ಕಂಪ್ಯೂಟರ್ ಪರದೆ ಎರಡನ್ನೂ ಒಟ್ಟಿಗೇ ತೋರಿಸುವುದರಿಂದ, ಆ ನಡುವೆ ವೇಷ ಸರಿದಷ್ಟು ದೂರ ಗೆರೆಯಾಗಿ ಕಾಣುತ್ತದೆ.

ವಿಎಲ್‌ಸಿಯ ವಿಡಿಯೋ ಮೆನುವಿನಲ್ಲಿ ‘ಡಿಇಂಟರ್‌ಲೇಸ್’ ಆನ್ ಮಾಡಿ, ವಿಧಾನ ‘ಯಾಡಿಫ್’ ಆರಿಸಿ. ಕುಣಿತ ಮತ್ತೆ ನುಣ್ಣಗಾಗುತ್ತದೆ. ಪ್ಲೇಯರ್ ಒಳ್ಳೆಯದೋ ಅಲ್ಲವೋ ಎಂದು ತಿಳಿಯಲು ನಾನು ಮೊದಲು ನೋಡುವುದು ಇದನ್ನೇ. ಈ ಸೌಲಭ್ಯವಿಲ್ಲದ ಪ್ಲೇಯರನ್ನು, ಅದರ ಬಣ್ಣಬೆಡಗು ಎಷ್ಟೇ ಇರಲಿ, ಬಿಟ್ಟುಬಿಡಿ.

8. ಧ್ವನಿಯನ್ನು ಪರೀಕ್ಷಿಸಿ.

ಹಾಡು ಜೋರು, ಮಾತು ಮೆಲ್ಲಗೆ ಎಂಬ ದೂರು ಸಾಮಾನ್ಯ. ಸಿನಿಮಾದ 5.1 ಧ್ವನಿಯಲ್ಲಿ ಮಾತು ಬಹುಪಾಲು ನಡುವಿನ ಸ್ಪೀಕರಿಗೆ ಮೀಸಲು. ಲ್ಯಾಪ್‌ಟಾಪಿನ ಎರಡು ಪುಟ್ಟ ಸ್ಪೀಕರುಗಳಿಗೆ ಅದನ್ನು ಇಳಿಸಿದಾಗ ಮಾತು ಸೊರಗುತ್ತದೆ. ಡಿಸ್ಕಿನಲ್ಲಿ ಸ್ಟೀರಿಯೋ ಟ್ರ್ಯಾಕ್ ಇದ್ದರೆ ಅದನ್ನು ಆರಿಸಿ, ಇಲ್ಲವಾದರೆ ಆಡಿಯೋ ಎಫೆಕ್ಟ್ಸ್‌ನಲ್ಲಿರುವ ‘ಕಂಪ್ರೆಸರ್’ ಆನ್ ಮಾಡಿ. ತುಟಿಯ ಚಲನೆಗಿಂತ ಮಾತು ಮುಂಚೆ ಬರುತ್ತಿದ್ದರೆ ಕೆ ಕೀ, ತಡವಾಗಿ ಬರುತ್ತಿದ್ದರೆ ಜೆ ಕೀ ಒತ್ತುತ್ತಾ ಹೋಗಿ.

ಸಬ್‌ಟೈಟಲ್ ಬಗ್ಗೆ ಫಾಂಟಿನ ಚಿಂತೆ ಬೇಡ. ಡಿವಿಡಿಯಲ್ಲಿ ಅವು ಅಕ್ಷರಗಳಾಗಿ ಇರುವುದಿಲ್ಲ, ಚಿತ್ರಗಳಾಗಿ ಇರುತ್ತವೆ. ಕನ್ನಡ ಫಾಂಟ್ ಇಲ್ಲದ ಯಂತ್ರದಲ್ಲೂ ಕನ್ನಡ ಸಬ್‌ಟೈಟಲ್ ಸರಿಯಾಗಿಯೇ ಮೂಡುತ್ತದೆ.

9. ಹಳೆಯ ಯಂತ್ರ, ಮ್ಯಾಕ್, ಲಿನಕ್ಸ್ ಇರುವವರಿಗೆ.

ವಿಂಡೋಸ್ ಯಂತ್ರ ಹಳೆಯದಾಗಿ ಏದುಸಿರು ಬಿಡುತ್ತಿದ್ದರೆ ‘ಮೀಡಿಯಾ ಪ್ಲೇಯರ್ ಕ್ಲಾಸಿಕ್ ಹೋಂ ಸಿನಿಮಾ’ ಹಾಕಿ, ಅದು ಹಗುರ, ಉಚಿತ. ಮ್ಯಾಕ್‌ನಲ್ಲಿ ಆ್ಯಪಲ್‌ನದೇ ಡಿವಿಡಿ ಪ್ಲೇಯರ್ ಇದೆ. ಡಿಸ್ಕ್ ಹಾಕಿದಾಗ ತೆರೆಯದಿದ್ದರೆ ಸ್ಪಾಟ್‌ಲೈಟಿನಲ್ಲಿ ಹುಡುಕಿ. ಉಬುಂಟುವಿನಲ್ಲಿ ಬೀಗವಿರುವ ಡಿಸ್ಕ್‌ಗಳಿಗಾಗಿ ‘ಲಿಬ್‌ಡಿವಿಡಿ-ಪಿಕೆಜಿ’ ಎಂಬ ಪ್ಯಾಕೇಜನ್ನು ಬೇರೆಯಾಗಿ ಹಾಕಿ, ಟರ್ಮಿನಲ್‌ನಲ್ಲಿ ರಿಕಾನ್ಫಿಗರ್ ಮಾಡಬೇಕು.

10. ಹಣ ಕೊಡುವುದಾದರೆ ಬ್ಲೂ-ರೇಗೆ ಕೊಡಿ.

ಬರೀ ಡಿವಿಡಿಗಾಗಿ ಪವರ್‌ಡಿವಿಡಿಯಂಥ ಸಾಫ್ಟ್‌ವೇರನ್ನು ಕೊಳ್ಳುವ ಅಗತ್ಯ ನನಗೆ ಕಾಣುವುದಿಲ್ಲ. ಬ್ಲೂ-ರೇ ಸಿನಿಮಾ ಡಿಸ್ಕ್‌ಗಳಿದ್ದರೆ ಮಾತು ಬೇರೆ. ಅವುಗಳ ಬೀಗ ಹೆಚ್ಚು ಬಿಗಿ, ವಿಎಲ್‌ಸಿಯೊಂದರಿಂದಲೇ ಕೆಲಸ ಸಾಗದು. ಕೊಳ್ಳುವ ಮೊದಲು ಟ್ರಯಲ್ ಆವೃತ್ತಿ ಹಾಕಿ, ನಿಮ್ಮದೇ ಡಿಸ್ಕ್‌ಗಳನ್ನು ಓಡಿಸಿ ನೋಡಿ. ಬ್ಲೂ-ರೇಗೆ ಡ್ರೈವೂ ಬೇರೆಯೇ ಬೇಕು ಎಂಬುದನ್ನು ಮರೆಯಬೇಡಿ.

11. ಓಡಿದ ದಿನವೇ ಪ್ರತಿ ಮಾಡಿಕೊಳ್ಳಿ.

ಸ್ಟುಡಿಯೋದವರು ಬರೆದುಕೊಟ್ಟ ಡಿವಿಡಿ-ಆರ್ ಡಿಸ್ಕಿನಲ್ಲಿ ಮಾಹಿತಿ ಇರುವುದು ಒಂದು ತೆಳು ಬಣ್ಣದ ಪದರದಲ್ಲಿ. ಬಿಸಿಲು, ಸೆಕೆ, ತೇವಗಳಿಗೆ ಅದು ವರ್ಷ ಕಳೆದಂತೆ ಕೆಡುತ್ತದೆ. ಆದ್ದರಿಂದ ಡಿಸ್ಕ್ ಒಮ್ಮೆ ಸರಿಯಾಗಿ ಓಡಿತೆಂದರೆ ‘ವಿಡಿಯೋ ಟಿಎಸ್’ ಫೋಲ್ಡರನ್ನು ಇಡಿಯಾಗಿ ಹಾರ್ಡ್ ಡಿಸ್ಕಿಗೆ ನಕಲು ಮಾಡಿ. ಒಂದು ಪದರದ ಡಿಸ್ಕಿಗೆ ಹೆಚ್ಚೆಂದರೆ 4.7 ಜಿಬಿ ಜಾಗ ಸಾಕು. ಒಳಗಿನ ಫೈಲುಗಳ ಹೆಸರು ಬದಲಿಸಬೇಡಿ. ಹೊರಗಿನ ಫೋಲ್ಡರಿಗೆ ಮಾತ್ರ ‘ಅಕ್ಕನ ಮದುವೆ’ ಎಂದೋ ಇಸವಿ ಸಹಿತ ಬರೆಯಿರಿ. ವಿಎಲ್‌ಸಿ ಆ ಫೋಲ್ಡರನ್ನು ಡಿಸ್ಕಿನಂತೆಯೇ ಮೆನು ಸಹಿತ ಓಡಿಸುತ್ತದೆ. ಮೊಬೈಲಿನಲ್ಲೂ ನೋಡಬೇಕೆಂದರೆ ‘ಹ್ಯಾಂಡ್‌ಬ್ರೇಕ್’ ಎಂಬ ಉಚಿತ ಸಾಫ್ಟ್‌ವೇರಿನಲ್ಲಿ ಎಂಪಿ4 ಮಾಡಿಕೊಳ್ಳಿ.

ಇದೆಲ್ಲ ನಿಮ್ಮ ಮನೆಯ ಡಿಸ್ಕ್‌ಗಳ ಮಾತು. ಕೊಂಡ ಸಿನಿಮಾವನ್ನು ಪ್ರತಿ ಮಾಡಿ ಹಂಚಬೇಡಿ. ಹಕ್ಕುಸ್ವಾಮ್ಯ ಉಲ್ಲಂಘಿಸುವ ಉದ್ದೇಶದಿಂದ ಬೀಗ ಮುರಿಯುವುದು ಹಕ್ಕುಸ್ವಾಮ್ಯ ಕಾಯ್ದೆಗೆ 2012ರ ತಿದ್ದುಪಡಿಯಲ್ಲಿ ಸೇರಿದ 65ಎ ಕಲಮಿನ ಪ್ರಕಾರ ಅಪರಾಧ.

ಡ್ರೈವ್‌ಗಳು ಅಂಗಡಿಯಲ್ಲಿ ಸಿಗುತ್ತಿರುವಾಗಲೇ, ಡಿಸ್ಕ್‌ಗಳು ಓಡುತ್ತಿರುವಾಗಲೇ ಈ ಕೆಲಸ ಮುಗಿಸಿ. ಅಜ್ಜ ಅಜ್ಜಿಯ ದನಿ ಇರುವ ಡಿಸ್ಕ್ ಯಾವುದೋ ಅದನ್ನು ಮೊದಲು ಹಾಕಿ.