ಪೈನ್ ಮರದ ಸೂಜಿ ಎಲೆ ರೋಗ ಮತ್ತು ಮಳೆಯ ಲೆಕ್ಕ

ಕೊಳೆರೋಗ ಯಾವಾಗ ಬರುತ್ತದೆ ಎಂದು ಅಡಿಕೆ ಬೆಳೆಗಾರರನ್ನು ಕೇಳಿದರೆ, "ಮಳೆ ಹಿಡಿದಾಗ" ಎನ್ನುತ್ತಾರೆ. ಉತ್ತರ ಸರಿಯೇ, ಆದರೆ ಪೂರ್ಣವಾಗಿಲ್ಲ. ಎಷ್ಟು ಅಂಗುಲ ಮಳೆ ಬಿತ್ತು ಎಂಬುದಕ್ಕಿಂತ ಕೊನೆ ಎಷ್ಟು ಹೊತ್ತು ಒದ್ದೆಯಾಗಿತ್ತು ಎಂಬುದು ಹೆಚ್ಚು ಮುಖ್ಯ. ಈ ಮಾತನ್ನು ಚೆನ್ನಾಗಿ ತಿಳಿಸುವ ರೋಗವೊಂದು ಹೊರದೇಶಗಳ ಪೈನ್ ತೋಪುಗಳಲ್ಲಿದೆ. ಅದರ ಪರಿಚಯ ನಮ್ಮ ಸದಸ್ಯರಿಗೂ ಉಪಯುಕ್ತ.

ರೋಗದ ಲಕ್ಷಣ

ಇದಕ್ಕೆ ಕಾರಣ ಡೋತಿಸ್ಟ್ರೋಮ ಎಂಬ ಶಿಲೀಂಧ್ರ. ಪೈನ್ ಮರದ ಸೂಜಿಯಂಥ ಎಲೆಯ ಮೇಲೆ ಮೊದಲು ಹಳದಿ ಚುಕ್ಕೆ ಕಾಣುತ್ತದೆ. ಅನಂತರ ಅದು ಇಟ್ಟಿಗೆ ಕೆಂಪಿನ ಪಟ್ಟಿಯಾಗುತ್ತದೆ. ಪಟ್ಟಿಯಿಂದ ತುದಿಯವರೆಗೆ ಎಲೆ ಒಣಗಿದರೂ ಬುಡ ಹಸಿರಾಗಿಯೇ ಉಳಿಯುತ್ತದೆ. ಕೆಳಕೊಂಬೆಗಳಿಗೆ ಮೊದಲು ತಗಲಿ ಮೇಲಕ್ಕೆ ಏರುತ್ತದೆ. ವರ್ಷ ವರ್ಷವೂ ಎಲೆ ಉದುರಿದರೆ ಬೆಳವಣಿಗೆ ಕುಂಠಿತವಾಗಿ, ಕೊನೆಗೆ ಮರ ಸಾಯಲೂಬಹುದು.

ಹವೆಯ ಪಾತ್ರ

ಬೀಜಕಣಗಳು ಮಳೆಹನಿಯ ಸಿಡಿತದಿಂದ ಎಲೆಯಿಂದ ಎಲೆಗೆ ಹರಡುತ್ತವೆ. ಅವು ಮೊಳೆತು ಒಳಹೊಗಲು ಎಲೆ ಬಹಳ ಹೊತ್ತು ಒದ್ದೆಯಾಗಿರಬೇಕು. 15ರಿಂದ 20 ಡಿಗ್ರಿ ಸೆಂಟಿಗ್ರೇಡ್ ಉಷ್ಣತೆ ಅವಕ್ಕೆ ಅನುಕೂಲ. ಒಮ್ಮೆ ಬಿರುಸಾಗಿ ಸುರಿದು ಬಿಸಿಲು ಬೀಳುವ ದಿನಕ್ಕಿಂತ ಹಗಲಿಡೀ ಜಿನುಗುವ ದಿನ ಹೆಚ್ಚು ಅಪಾಯಕರ. ರೋಗ ತಗಲಿ ವಾರಗಳೋ ತಿಂಗಳುಗಳೋ ಕಳೆದ ಮೇಲೆ ಚಿಹ್ನೆ ಕಾಣುವುದರಿಂದ, ಕಣ್ಣಿಗೆ ಬೀಳುವ ಹೊತ್ತಿಗೆ ತಡವಾಗಿರುತ್ತದೆ.

ಕೆನಡಾದ ಬ್ರಿಟಿಷ್ ಕೊಲಂಬಿಯದ ವಾಯವ್ಯ ಭಾಗದಲ್ಲಿ 1990ರ ದಶಕದ ಕೊನೆಯಿಂದ ಈ ರೋಗ ಉಗ್ರವಾಯಿತು. ಅಲ್ಲಿಯದೇ ಆದ ಲಾಡ್ಜ್‌ಪೋಲ್ ಪೈನ್‌ನ ಬಲಿತ ಮರಗಳೂ ಸತ್ತವು. ಬೇಸಿಗೆಯಲ್ಲಿ ಬೆಚ್ಚನೆಯ ಮಳೆ ಪದೇ ಪದೇ ಬಂದದ್ದಕ್ಕೂ ರೋಗಕ್ಕೂ ಸಂಬಂಧವಿದೆಯೆಂದು 2005ರಲ್ಲಿ ಪ್ರಕಟವಾದ ಅಧ್ಯಯನ ತೋರಿಸಿತು. ಪೈನ್ ಒಂದನ್ನೇ ವಿಸ್ತಾರವಾಗಿ ನೆಟ್ಟದ್ದರಿಂದ ರೋಗಕ್ಕೆ ಆಹಾರವೂ ಧಾರಾಳವಾಗಿತ್ತು. ಪೂರ್ವ ಆಫ್ರಿಕದಲ್ಲಿ 1960ರ ದಶಕದಲ್ಲಿ ಇದೇ ರೋಗದಿಂದಾಗಿ ರೇಡಿಯಾಟ ಪೈನ್ ನೆಡುವುದನ್ನೇ ಕೈಬಿಡಬೇಕಾಯಿತು. ನ್ಯೂಜಿಲೆಂಡ್‌ನವರು ತೋಪನ್ನು ತೆಳುಮಾಡಿ, ಕೆಳಕೊಂಬೆ ಸವರಿ, ವಿಮಾನದಿಂದ ತಾಮ್ರದ ಔಷಧಿ ಸಿಂಪಡಿಸಿ ರೋಗವನ್ನು ಹತೋಟಿಯಲ್ಲಿ ಇಟ್ಟುಕೊಂಡರು.

ನಮಗೆ ಇದರಿಂದ ಪಾಠ

ಕೊಳೆರೋಗದ ಫೈಟಾಫ್ತೊರ ಬೇರೆ ಜಾತಿಯ ಜೀವಿ. ಆದರೂ ಅದಕ್ಕೆ ಬೇಕಾದದ್ದು ಅದೇ ತೇವ, ಅದನ್ನು ತಡೆಯುವುದೂ ಅದೇ ತಾಮ್ರ.

1. ಶೇ. 1ರ ಬೋರ್ಡೋ ದ್ರಾವಣಕ್ಕೆ 1 ಕಿಲೋ ಮೈಲುತುತ್ತು, 1 ಕಿಲೋ ಸುಣ್ಣ, 100 ಲೀಟರ್ ನೀರು. ಇದು ಕಾಯಿಗೆ ಕವಚವೇ ಹೊರತು ಕೊಳೆತದ್ದನ್ನು ವಾಸಿಮಾಡುವ ಮದ್ದಲ್ಲ. ಆದ್ದರಿಂದ ಮೊದಲ ಸಿಂಪರಣೆ ಮುಂಗಾರಿಗೆ ಮುಂಚೆಯೇ ಮುಗಿಯಬೇಕು.

2. ಎರಡನೆಯದು 40-45 ದಿನಗಳ ಅನಂತರ. ಮಳೆಗಾಲ ಲಂಬಿಸಿದರೆ ಮೂರನೆಯದಕ್ಕೂ ಸಿದ್ಧರಿರಬೇಕು. ಹೊಳವಾದ ದಿನ ಕೊನೆಗಾರ ಸಿಗದಿದ್ದರೆ ಆ ದಿನ ತಿರುಗಿ ಬಾರದು. ಅಕ್ಕಪಕ್ಕದ ತೋಟದವರು ಮೊದಲೇ ಮಾತಾಡಿಕೊಂಡು ಸರದಿ ಗೊತ್ತುಮಾಡಿಕೊಳ್ಳುವುದು ಲೇಸು.

3. ಹಿರಿಯರು ಕೊನೆಗೆ ಕೊಟ್ಟೆ ಕಟ್ಟುತ್ತಿದ್ದುದು ಕಾಯಿ ಒದ್ದೆಯಾಗದಿರಲೆಂದೇ. ಉದುರಿದ ರೋಗದ ಕಾಯಿಗಳನ್ನು ಆರಿಸಿ ನಾಶಮಾಡಬೇಕು.

4. ಕಾಫಿ ತೋಟದಲ್ಲಿ ಮಳೆಗೆ ಮುಂಚೆ ಮರಗಸಿ ಮಾಡಿ, ಗಿಡದ ನಡುವನ್ನು ಬಿಡಿಸಿ ಗಾಳಿಬೆಳಕು ಆಡುವಂತೆ ಮಾಡಿದರೆ ಎಲೆ ಬೇಗ ಆರುತ್ತದೆ.

ಮಳೆಮಾಪಕವಿರುವ ಸದಸ್ಯರು ಮಳೆಯ ಅಂಗುಲದ ಜೊತೆಗೆ, ಬಿಸಿಲು ಕಾಣದ ದಿನಗಳನ್ನೂ ಪುಸ್ತಕದಲ್ಲಿ ಗುರುತು ಹಾಕಿಡಲಿ. ಮುಂದಿನ ಸಿಂಪರಣೆಯ ದಿನವನ್ನು ಗೊತ್ತುಮಾಡಲು ಪಂಚಾಂಗಕ್ಕಿಂತ ಆ ಪುಸ್ತಕವೇ ಹೆಚ್ಚು ನೆರವಾದೀತು.